ಸಾಲ್ಟ್ ಲೇಕ್‌ನ ಡಿಸೆಂಬರ್: ಕೇಳುವುದೇ ಕೆಲಸವಾದ ತಿಂಗಳು

ಮಿಷನರಿ ಅಂದ ಕೂಡಲೇ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕಿಟೆಲ್. ಉದ್ದ ಗಡ್ಡ, ದಪ್ಪ ನಿಘಂಟು. ಆದರೆ 1853ರಲ್ಲಿ ಕನ್ನಡ ನಾಡಿಗೆ ಬಂದಾಗ ಅವರಿಗೆ ಬರೀ 21 ವರ್ಷ. ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಿಘಂಟಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ 21ರ ಹುಡುಗ ಇಲ್ಲಿ ಮೊದಲ ಕ್ರಿಸ್ಮಸ್ ಹೇಗೆ ಕಳೆದಿರಬಹುದು ಅಂತ ಯಾರಾದರೂ ಯೋಚನೆ ಮಾಡಿದ್ದೀರಾ?

ನಾನು ಇವತ್ತು ಮಾತಾಡುವುದು ಆ ವಯಸ್ಸಿನ ಮಿಷನರಿಗಳ ಬಗ್ಗೆ, ಅದರಲ್ಲೂ ಹಬ್ಬದ ತಿಂಗಳಿನ ಬಗ್ಗೆ. ನನ್ನದು ಕಿಟೆಲ್‌ಗೆ ಉಲ್ಟಾ ದಾರಿ. ಬೆಂಗಳೂರಿನಿಂದ ಅಮೆರಿಕದ ಯೂಟಾ ರಾಜ್ಯಕ್ಕೆ ಹೋದೆ. 2017ರ ಕ್ರಿಸ್ಮಸ್ ಸಾಲ್ಟ್ ಲೇಕ್ ಸಿಟಿಯಲ್ಲಿ ಕಳೆಯಿತು.

ಮೊದಲು ಸ್ವಲ್ಪ ಹಿನ್ನೆಲೆ. ನಮ್ಮ ಚರ್ಚಿನ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಜನ ಚಿಕ್ಕದಾಗಿ ಮಾರ್ಮನ್ ಅನ್ನುತ್ತಾರೆ. 2012ರ ಅಕ್ಟೋಬರ್‌ನಿಂದ ಹುಡುಗರು 18ಕ್ಕೆ, ಹುಡುಗಿಯರು 19ಕ್ಕೆ ಮಿಷನ್‌ಗೆ, ಅಂದರೆ ಮಿಷನರಿ ಕೆಲಸಕ್ಕೆ ಹೋಗಬಹುದಿತ್ತು. 2025ರ ನವೆಂಬರ್‌ನಿಂದ ಹುಡುಗಿಯರೂ 18ಕ್ಕೇ ಹೋಗಬಹುದು. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಹದಿನೆಂಟು ತಿಂಗಳು. ಎಲ್ಲಿಗೆ ಅನ್ನುವುದು ನಮ್ಮ ಆಯ್ಕೆ ಅಲ್ಲ, ಚರ್ಚಿನಿಂದ ಪತ್ರ ಬರುತ್ತದೆ. ಸಂಬಳ ಇಲ್ಲ. ಅಮೆರಿಕದ ಕುಟುಂಬಗಳು ಆಗ ಮಗನಿಗೋ ಮಗಳಿಗೋ ತಿಂಗಳಿಗೆ 400 ಡಾಲರ್ ಕಟ್ಟುತ್ತಿದ್ದವು. ನಮ್ಮಂಥವರು ಕೈಲಾದಷ್ಟು ಕೊಡುತ್ತೇವೆ, ಉಳಿದದ್ದನ್ನು ಚರ್ಚಿನ ನಿಧಿ ನೋಡಿಕೊಳ್ಳುತ್ತದೆ. 2017ರ ಕೊನೆಯಲ್ಲಿ ಹೀಗೆ ಕೆಲಸದಲ್ಲಿದ್ದವರು ಜಗತ್ತಿನಲ್ಲಿ 67 ಸಾವಿರ ಚಿಲ್ಲರೆ.

ನನಗೆ ಸಿಕ್ಕಿದ ಜಾಗ ಟೆಂಪಲ್ ಸ್ಕ್ವೇರ್. ಊರಿನ ನಟ್ಟನಡುವೆ, ಸುತ್ತ ಎತ್ತರದ ಗೋಡೆ. ಒಳಗೆ ಆರು ಗೋಪುರಗಳ ಕಲ್ಲಿನ ದೇವಾಲಯ. ಕಿಟೆಲ್ ಬಂದ ಅದೇ 1853ರಲ್ಲಿ ಕಟ್ಟಲು ಶುರು ಮಾಡಿ 1893ರಲ್ಲಿ ಮುಗಿಸಿದ್ದು. ಅಲ್ಲಿಗೆ ಆಗ ಎಳೆಯ ಮಿಷನರಿಗಳಾಗಿ ಹುಡುಗಿಯರನ್ನು ಮಾತ್ರ ಕಳಿಸುತ್ತಿದ್ದರು, ಅದೂ ಎಷ್ಟೋ ದೇಶಗಳಿಂದ. ಎದೆಯ ಮೇಲೆ ಕಪ್ಪು ಹೆಸರಿನ ಬ್ಯಾಡ್ಜ್, ಅದರ ಜೊತೆಗೆ ನಮ್ಮ ನಮ್ಮ ದೇಶದ ಪುಟ್ಟ ಬಾವುಟ. ನೋಡಲು ಬಂದವರಿಗೆ ಜಾಗ ತೋರಿಸುವುದು, ಕೇಳಿದ್ದಕ್ಕೆ ಉತ್ತರ ಹೇಳುವುದು ನಮ್ಮ ಕೆಲಸ.

ದಿನಚರಿ ಸುಲಭವಾಗಿ ಹೇಳಿಬಿಡಬಹುದು. ಬೆಳಿಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ತಿಂಡಿ, ಒಂದು ಗಂಟೆ ಒಬ್ಬಳೇ ಓದು, ಆಮೇಲೆ ಜೊತೆಗಾರ್ತಿಯ ಜೊತೆ ಓದು, ಆಮೇಲೆ ಪಾಳಿ. ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಟಿವಿ ಇಲ್ಲ, ಸಿನಿಮಾ ಇಲ್ಲ. ವಾರಕ್ಕೊಂದು ದಿನ ಪಿ-ಡೇ, ಅಂದರೆ ಬಟ್ಟೆ ಒಗೆಯುವ, ಸಾಮಾನು ತರುವ, ಮನೆಗೆ ಇಮೇಲ್ ಬರೆಯುವ ದಿನ. ಜೊತೆಗಾರ್ತಿಯನ್ನು ಕಂಪ್ಯಾನಿಯನ್ ಅನ್ನುತ್ತಾರೆ. ಅವಳು ಯಾವಾಗಲೂ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರ ಇರಬೇಕು. ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್. ಆಗ ಕಂಪ್ಯಾನಿಯನ್ ಬದಲಾಗಬಹುದು, ಆಗದೆಯೂ ಇರಬಹುದು.

ಡಿಸೆಂಬರ್ ಬಂತು ಅಂದರೆ ಈ ಗಡಿಯಾರ ಹಾಗೇ ಇರುತ್ತದೆ, ಉಳಿದದ್ದೆಲ್ಲ ಬದಲಾಗುತ್ತದೆ.

ಅಲ್ಲಿ ದೀಪ ಹಚ್ಚುವ ಸಂಪ್ರದಾಯ 1965ರಿಂದ ಇದೆ. ನವೆಂಬರ್ ಕೊನೆಯ ಹೊತ್ತಿಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ ಸಂಜೆ ಸ್ವಿಚ್ ಹಾಕುತ್ತಾರೆ, ಡಿಸೆಂಬರ್ ಮುಗಿಯುವವರೆಗೆ ಪ್ರತಿ ಸಂಜೆ ಉರಿಯುತ್ತವೆ. ಲಕ್ಷಾಂತರ ಬಲ್ಬುಗಳು. ಅಲ್ಲೊಂದು ಲೆಬನಾನ್ ಸೀಡರ್ ಮರ ಇದೆ. ಅದರ ಒಂದೊಂದು ರೆಂಬೆಗೂ ಬುಡದಿಂದ ತುದಿವರೆಗೆ ದೀಪದ ಸರ ಸುತ್ತಿರುತ್ತಾರೆ. ಇದಕ್ಕೆ ಬೇಸಿಗೆಯಲ್ಲೇ ಕೆಲಸ ಶುರುವಾಗುತ್ತದೆ. ಸಂಜೆ ಐದಕ್ಕೆಲ್ಲ ಕತ್ತಲು. ಆಮೇಲೆ ಜನ ಬರಲು ಶುರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ವೀಲ್‌ಚೇರ್‌ನಲ್ಲಿ ಅಜ್ಜಿಯರು, ಮದುವೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು. ನಮ್ಮ ಲಕ್ಷದೀಪೋತ್ಸವ ನೋಡಿದವರಿಗೆ ಆ ಜಂಗುಳಿ ಹೊಸದೇನಲ್ಲ. ಚಳಿ ಮಾತ್ರ ಹೊಸದು.

ಚಳಿ ಬಗ್ಗೆ ಹೇಳಲೇಬೇಕು. ಸಂಜೆ ಹೊತ್ತಿಗೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಸಿಸ್ಟರ್ ಮಿಷನರಿಗಳು, ಅಂದರೆ ನಮ್ಮಂಥ ಹುಡುಗಿಯರು, ಆಗ ಸ್ಕರ್ಟ್ ಮಾತ್ರ ಹಾಕಬಹುದಿತ್ತು. ಪ್ಯಾಂಟ್ ಹಾಕಲು ಒಪ್ಪಿಗೆ ಸಿಕ್ಕಿದ್ದು 2018ರ ಡಿಸೆಂಬರ್‌ನಲ್ಲಿ, ನಾನು ವಾಪಸ್ ಬಂದ ಮೇಲೆ. ಸ್ಕರ್ಟಿನ ಒಳಗೆ ದಪ್ಪ ಉಣ್ಣೆಯ ಟೈಟ್ಸ್ ಒಂದರ ಮೇಲೊಂದು, ಮೊಣಕಾಲವರೆಗೆ ಬೂಟು. ಆದರೂ ಕಾಲ್ಬೆರಳು ಮರಗಟ್ಟುತ್ತಿದ್ದವು. ಇನ್ನೊಂದು ಸಂಗತಿ ಪ್ರವಾಸಿ ಚಿತ್ರಗಳಲ್ಲಿ ಕಾಣುವುದಿಲ್ಲ. ಆ ಊರು ಎರಡು ಬೆಟ್ಟಸಾಲುಗಳ ನಡುವಿನ ಕಣಿವೆಯಲ್ಲಿದೆ, ಪೂರ್ವಕ್ಕೆ ವಾಸಾಚ್, ಪಶ್ಚಿಮಕ್ಕೆ ಓಕರ್. ಚಳಿಗಾಲದಲ್ಲಿ ತಣ್ಣನೆ ಗಾಳಿ ಕೆಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಕಾರುಗಳ ಹೊಗೆಯೆಲ್ಲ ಒಳಗೇ ಉಳಿದು ದಿನಗಟ್ಟಲೆ ಬೂದು ಬಣ್ಣದ ಮಬ್ಬು. ಅದಕ್ಕೆ ಇನ್ವರ್ಷನ್ ಅನ್ನುತ್ತಾರೆ. ಹಿಮ ಬೀಳುವುದನ್ನು ನೋಡಬೇಕೆಂದು ಆಸೆಯಿಂದ ಹೋದವರಿಗೆ ಸಿಗುವುದು ಜಾಸ್ತಿ ಈ ಮಬ್ಬೇ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಮಿಷನರಿ ಅಂದರೆ ಮಾತಾಡುವವರು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ತರಬೇತಿಯಲ್ಲೂ ಏನು ಹೇಳಬೇಕು ಅನ್ನುವುದನ್ನೇ ಜಾಸ್ತಿ ಓದಿರುತ್ತೇವೆ. ಹಬ್ಬದ ತಿಂಗಳಲ್ಲಿ ಅದು ಪೂರ್ತಿ ತಿರುಗಿಬೀಳುತ್ತದೆ. ಜನ ಮಾತಾಡುತ್ತಾರೆ, ನಾವು ಕೇಳುತ್ತೇವೆ.

ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿನ ಟ್ಯಾಬರ್ನೇಕಲ್ ಕಾಯರ್ ಹೆಸರಾಂತ ಗಾಯನ ತಂಡ. ಅವರ ಕ್ರಿಸ್ಮಸ್ ಕಛೇರಿ 21 ಸಾವಿರ ಜನ ಕೂರುವ ಕಾನ್ಫರೆನ್ಸ್ ಸೆಂಟರ್‌ನಲ್ಲಿ ನಡೆಯುತ್ತದೆ. ಟಿಕೆಟ್ ಉಚಿತ, ಆದರೆ ಲಾಟರಿಯಲ್ಲಿ ಹೆಸರು ಬರಬೇಕು. ಬರದವರು ಸ್ಟ್ಯಾಂಡ್‌ಬೈ ಸಾಲಿನಲ್ಲಿ ನಿಲ್ಲುತ್ತಾರೆ, ಸೀಟು ಉಳಿದರೆ ಒಳಗೆ ಹೋಗಬಹುದು. ಆ ಸಾಲಿನ ಉದ್ದಕ್ಕೂ ನಾವು ಓಡಾಡುತ್ತಿದ್ದೆವು. ಒಬ್ಬ ಹೆಂಗಸು, ಅರವತ್ತರ ಮೇಲಿರಬಹುದು, ಒಬ್ಬರೇ ನಿಂತಿದ್ದರು. “ಪ್ರತಿ ವರ್ಷ ಬರ್ತೀರಾ?” ಅಂತ ಕೇಳಿದೆ ಅಷ್ಟೇ. ಅವರು ಗಂಡನ ಬಗ್ಗೆ ಹೇಳಲು ಶುರು ಮಾಡಿದರು. ಆ ವರ್ಷ ತೀರಿಕೊಂಡಿದ್ದರು. ಸಾಲಿನಲ್ಲಿ ಜಾಗ ಹಿಡಿಯುವುದು ಯಾವಾಗಲೂ ಅವರ ಕೆಲಸವಂತೆ, ಈಕೆ ಕಾರಿನಲ್ಲಿ ಬೆಚ್ಚಗೆ ಕೂತು ಕೊನೆಗೆ ಬರುತ್ತಿದ್ದರಂತೆ. “ಇಷ್ಟು ಚಳಿ ಇರುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ,” ಅಂದರು. ನನ್ನ ಕಂಪ್ಯಾನಿಯನ್ ತನ್ನ ಕೈಗವಸು ತೆಗೆದು ಅವರ ಕೈಗೆ ಹಾಕಿದಳು. ಬಾಗಿಲು ತೆರೆಯುವವರೆಗೆ ನಾವು ಅಲ್ಲೇ ನಿಂತೆವು. ಧರ್ಮದ ವಿಷಯ ಒಂದು ಮಾತೂ ಬರಲಿಲ್ಲ. ಬರಬಾರದಿತ್ತು ಕೂಡ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ, ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ. ಮಿಷನರಿ ಅಂದರೆ ಮತಾಂತರ ಅಲ್ವಾ ಅಂತ. ನಾನು ನಂಬಿದ್ದನ್ನು ಬೇರೆಯವರ ಜೊತೆ ಹಂಚಿಕೊಳ್ಳಬೇಕು ಅಂತಲೇ ಹೋದೆ, ಅದರಲ್ಲಿ ಮುಚ್ಚುಮರೆ ಇಲ್ಲ. ಟೆಂಪಲ್ ಸ್ಕ್ವೇರ್‌ನಲ್ಲಿ ಯಾರಾದರೂ ಇನ್ನೂ ತಿಳಿಯಬೇಕು ಅಂದರೆ ಒಂದು ಕಾರ್ಡ್ ತುಂಬಿಸಿಕೊಳ್ಳುತ್ತಿದ್ದೆವು. ಅದು ಅವರ ಊರಿನ ಮಿಷನರಿಗಳಿಗೆ ಹೋಗುತ್ತಿತ್ತು. ಆದರೆ ಅಳುತ್ತಿರುವವರ ಮುಂದೆ ಕಾರ್ಡ್ ಹಿಡಿಯಬಾರದು. ದುಃಖದಲ್ಲಿದ್ದವರು ಯಾರು ಕೈ ಹಿಡಿದರೂ ಹಿಡಿಸಿಕೊಳ್ಳುತ್ತಾರೆ. ಅದನ್ನು ಒಪ್ಪಿಗೆ ಅಂತ ಎಣಿಸುವುದು ತಪ್ಪು. ಯಾವ ಧರ್ಮದ ಮಿಷನರಿಗೂ ನಾನು ಇದನ್ನೇ ಹೇಳುತ್ತೇನೆ. ಮನಸ್ಸು ತಿಳಿಯಾದ ಮೇಲೆ ಅವರಾಗಿಯೇ ಕೇಳಿದರೆ ಆಗ ಮಾತಾಡಿ.

ಹೊರಗೆ ನಿಲ್ಲುವ ಪಾಳಿ ಇಲ್ಲದಾಗ ನಮಗೆ ಆನ್‌ಲೈನ್ ಚಾಟ್ ಪಾಳಿ ಇರುತ್ತಿತ್ತು. ಚರ್ಚಿನ ಜಾಲತಾಣಕ್ಕೆ ಬಂದವರು ಪ್ರಶ್ನೆ ಟೈಪ್ ಮಾಡುತ್ತಾರೆ, ನಾವು ಉತ್ತರ ಬರೆಯುತ್ತೇವೆ. ಬೇರೆ ತಿಂಗಳಲ್ಲಿ ಪ್ರಶ್ನೆಗಳು ಹೆಚ್ಚಾಗಿ ನಂಬಿಕೆ ಬಗ್ಗೆಯೇ ಇರುತ್ತಿದ್ದವು. ಕೆಲವರು ಜಗಳಕ್ಕೇ ಬರುತ್ತಿದ್ದರು. ಡಿಸೆಂಬರ್ ಕೊನೆಯ ವಾರ ಹಾಗಲ್ಲ. “ಹಲೋ” ಅಂತ ಬರೆದು ಸುಮ್ನೆ ಇರುತ್ತಿದ್ದರು. ಏನು ತಿಳಿಯಬೇಕು ಅಂತ ಕೇಳಿದರೆ “ಏನಿಲ್ಲ, ಯಾರಾದರೂ ಎದ್ದಿದ್ದೀರಾ ಅಂತ ನೋಡಿದೆ” ಅನ್ನುತ್ತಿದ್ದರು. ಒಬ್ಬ ಲಾರಿ ಚಾಲಕ ಯಾವುದೋ ಹೆದ್ದಾರಿ ಪಕ್ಕ ಲಾರಿ ನಿಲ್ಲಿಸಿಕೊಂಡು ಬರೆಯುತ್ತಿದ್ದ. ಮಗಳಿಗೆ ಏನು ಉಡುಗೊರೆ ಕೊಂಡಿದ್ದಾನೆ, ಅದನ್ನು ಸೀಟಿನ ಹಿಂದೆ ಎಲ್ಲಿ ಇಟ್ಟಿದ್ದಾನೆ, ಮಂಜಿನಿಂದ ರಸ್ತೆ ಮುಚ್ಚಿರುವುದರಿಂದ ಮನೆ ಮುಟ್ಟುವುದು ಯಾವಾಗ ಎಂದು ಗೊತ್ತಿಲ್ಲ, ಇಷ್ಟೇ. ಉಡುಗೊರೆ ಒಂದು ಆಟದ ಅಡುಗೆಮನೆ. ಪುಟಾಣಿ ಒಲೆ, ಪುಟಾಣಿ ಸಿಂಕ್. ಸಿಂಕಿನಲ್ಲಿ ನಿಜವಾದ ನೀರು ಬರುತ್ತದೆ ಅಂತ ಎರಡು ಸಲ ಬರೆದ.

ಆ ವರ್ಷದ ಇನ್ನೊಂದು ವಿಶೇಷ ಹೇಳಬೇಕು. ಟೆಂಪಲ್ ಸ್ಕ್ವೇರ್ ಪಕ್ಕದ ಜೋಸೆಫ್ ಸ್ಮಿತ್ ಮೆಮೋರಿಯಲ್ ಕಟ್ಟಡದಲ್ಲಿ ಒಂದು ಕೆಂಪು ಯಂತ್ರ ಇಟ್ಟಿದ್ದರು. ಕೂಲ್‌ಡ್ರಿಂಕ್ ಕೊಡುವ ಯಂತ್ರದ ಥರವೇ ಇತ್ತು, ಆದರೆ ದುಡ್ಡು ಹಾಕಿದರೆ ನಮಗೆ ಏನೂ ಸಿಗುವುದಿಲ್ಲ. ಕೋಳಿ, ಮೇಕೆ, ಪೋಲಿಯೋ ಲಸಿಕೆ, ಊಟ, ಹೀಗೆ ಪಟ್ಟಿ ಇರುತ್ತದೆ. ನಾವು ಒತ್ತಿದ್ದು ಅಗತ್ಯ ಇರುವವರಿಗೆ ದಾನವಾಗಿ ಹೋಗುತ್ತದೆ. 2017ರಲ್ಲಿ ಇಡೀ ಜಗತ್ತಿನಲ್ಲಿ ಅಲ್ಲಿ ಮಾತ್ರ ಇತ್ತು, ಈಗ ಎಷ್ಟೋ ಊರುಗಳಲ್ಲಿದೆ. ಮಕ್ಕಳು ಸಾಲಾಗಿ ನಿಂತು “ನಾನು ಮೇಕೆ ಕೊಂಡೆ!” ಅಂತ ಕೂಗುತ್ತಿದ್ದರು. ದಾನ ಅನ್ನುವುದು ಮಗುವಿನ ಬೆರಳಿನ ಅಳತೆಗೆ ಇಳಿದಿತ್ತು. ನನಗೆ ಅದು ಬಹಳ ಹಿಡಿಸಿತು.

ಇನ್ನು ಮನೆ ನೆನಪು. ಇದರ ಬಗ್ಗೆ ನಿಧಾನವಾಗಿ ಹೇಳಬೇಕು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫಿಲಿಪೀನ್ಸ್, ಬ್ರೆಜಿಲ್, ಮಂಗೋಲಿಯಾದ ಹುಡುಗಿಯರಿದ್ದರು. ಫಿಲಿಪೀನ್ಸ್‌ನಲ್ಲಿ ಸೆಪ್ಟೆಂಬರ್ ಬಂದರೆ ಸಾಕು, ಕ್ರಿಸ್ಮಸ್ ಹಾಡು ಶುರುವಂತೆ. ಅವಳಿಗೆ ಆಗಿನಿಂದಲೇ ಸಂಕಟ. ಬ್ರೆಜಿಲ್‌ನವಳಿಗೆ 24ರ ರಾತ್ರಿ, ಮಧ್ಯರಾತ್ರಿಯ ಊಟ, ಸುಡು ಬೇಸಿಗೆ. ಹತ್ತೂವರೆಗೆ ಮಲಗಬೇಕಾದ ನಿಯಮ ಅವಳಿಗೆ ಆ ಒಂದು ರಾತ್ರಿ ತುಂಬಾ ಕಷ್ಟವಾಯಿತು. ಮಂಗೋಲಿಯಾದ ನನ್ನ ಕಂಪ್ಯಾನಿಯನ್ ಕ್ರಿಸ್ಮಸ್ ಹೊತ್ತಿನಲ್ಲಿ ಆರಾಮಾಗಿದ್ದಳು. ಫೆಬ್ರವರಿಯಲ್ಲಿ ಅವರ ಹೊಸ ವರ್ಷ ಬಂತು, ತ್ಸಗಾನ್ ಸಾರ್ ಅಂತ. ಅವತ್ತು ಬೆಳಿಗ್ಗೆ ಎದ್ದವಳೇ ಹಿಟ್ಟು ಕಲಸಲು ಕೂತಳು. ಬೂಜ್ ಅಂತ ಮಾಡುತ್ತಾರೆ, ನಮ್ಮ ಹಬೆ ಕಡುಬಿನ ಹಾಗೆ, ಒಳಗೆ ಹೂರಣದ ಬದಲು ಕೊಚ್ಚಿದ ಮಾಂಸ. ಮಡಿಕೆ ಹಾಕುತ್ತಾ ಹಾಕುತ್ತಾ ಅತ್ತಳು. ನನಗೆ ಹಾಗಾಗಿದ್ದು ಸಂಕ್ರಾಂತಿಗೆ. ಮನೆ ನೆನಪಿಗೂ ಒಬ್ಬೊಬ್ಬರದು ಒಂದೊಂದು ಪಂಚಾಂಗ.

ನಮ್ಮ ಅಜ್ಜಿ ಚರ್ಚಿಗೆ ಬರುವವರಲ್ಲ. ಅವರ ಪೂಜೆ ಅವರಿಗೆ. ಆದರೂ ಮೊಮ್ಮಗಳಿಗೆ ಕ್ರಿಸ್ಮಸ್ ಪಾರ್ಸೆಲ್ ಕಳಿಸುವಾಗ ಅದರೊಳಗೆ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು ಇಟ್ಟಿದ್ದರು. ಒಣಕೊಬ್ಬರಿಯನ್ನು ಎಷ್ಟು ಸಣ್ಣಗೆ ಹೆಚ್ಚಿದ್ದರು ಅಂದರೆ ಅವರೇ ಕೂತು ಮಾಡಿದ್ದು ಅಂತ ನೋಡಿದ ಕೂಡಲೇ ಗೊತ್ತಾಯಿತು. ಅಚ್ಚುಗಳಲ್ಲಿ ಆನೆ ಮಾತ್ರ ಇಡಿಯಾಗಿ ಬಂದಿತ್ತು, ಉಳಿದವು ಪುಡಿ. ಎಲ್ಲರ ಮನೆಯಿಂದಲೂ ಪಾರ್ಸೆಲ್ ಬರುವುದಿಲ್ಲ, ಅಂಚೆ ಖರ್ಚೇ ದೊಡ್ಡ ಹೊರೆ ಆಗುವ ಮನೆಗಳಿವೆ. ಅದಕ್ಕೆ ನಾವು ಬಂದಿದ್ದನ್ನೆಲ್ಲ ಮೇಜಿನ ಮೇಲೆ ರಾಶಿ ಹಾಕಿ ಒಟ್ಟಿಗೆ ತೆರೆದೆವು. ಮಿಷನ್‌ಗೆ ಹೋಗುವ ಮಕ್ಕಳಿರುವವರು ಇಲ್ಲಿದ್ದರೆ ಕೇಳಿಸಿಕೊಳ್ಳಿ, ಒಬ್ಬರಿಗೆ ಆಗುವಷ್ಟು ಕಳಿಸಬೇಡಿ. ನಾಲ್ಕು ಜನಕ್ಕೆ ಆಗುವಷ್ಟು ಕಳಿಸಿ.

ಬ್ಯಾಡ್ಜ್ ಪಕ್ಕದ ಬಾವುಟದ ಬಗ್ಗೆ ಹೇಳಿದೆನಲ್ಲ. ಒಂದು ಸಂಜೆ ಸೀಡರ್ ಮರದ ಹತ್ತಿರ ನಿಂತಿದ್ದಾಗ ಒಂದು ಕುಟುಂಬ ಅದನ್ನು ನೋಡಿ ಇಂಗ್ಲಿಷಿನಲ್ಲಿ ಮಾತಾಡಿಸಿತು. ಅಷ್ಟರಲ್ಲಿ ಅವರ ಪುಟ್ಟ ಮಗ “ಅಮ್ಮಾ, ಚಳಿ ಆಗ್ತಿದೆ, ಎತ್ಕೋ” ಅಂದ. ನಾನು “ಬಾ ಪುಟ್ಟ, ಒಳಗೆ ಬೆಚ್ಚಗಿದೆ” ಅಂದುಬಿಟ್ಟೆ. ಅವರಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಹಾಸನದ ಕಡೆಯವರು, ಸಾಫ್ಟ್‌ವೇರ್ ಕೆಲಸಕ್ಕೆ ಬಂದವರು. ವಿಸಿಟರ್ಸ್ ಸೆಂಟರಿನೊಳಗೆ ಹೋಗಿ ಕೂತೆವು. ಅಲ್ಲಿ ಹನ್ನೊಂದು ಅಡಿಯ ಬಿಳಿ ಕ್ರಿಸ್ತನ ಪ್ರತಿಮೆ ಇತ್ತು, ಹಿಂದಿನ ಗೋಡೆಗೆಲ್ಲ ಆಕಾಶ, ಗ್ರಹ, ನಕ್ಷತ್ರ. ಆ ಪ್ರತಿಮೆಯ ಮುಂದೆ ಕೂತು ನಾವು ಅಲ್ಲೇ ಹತ್ತಿರದ ಸೌತ್ ಜೋರ್ಡನ್ ಅನ್ನುವ ಊರಿನ ಗಣೇಶ ದೇವಸ್ಥಾನದ ಬಗ್ಗೆ, ಒಳ್ಳೆಯ ಸಾರಿನ ಪುಡಿ ಸಿಗದಿರುವ ಬಗ್ಗೆ ಮಾತಾಡಿದೆವು. ಎಷ್ಟೋ ಕಾಲದಿಂದ ಬಾಯಲ್ಲಿ ಬರದ ಮಾತುಗಳು ಒಂದರ ಹಿಂದೊಂದು ಬಂದವು. ನನ್ನ ಕಂಪ್ಯಾನಿಯನ್‌ಗೆ ಒಂದಕ್ಷರ ಅರ್ಥವಾಗಲಿಲ್ಲ. ಅವಳು ಪಕ್ಕದಲ್ಲೇ ಕೂತು ಆ ಮಗುವಿಗೆ ಕಾಗದದ ಕುದುರೆ ಮಡಿಸಿಕೊಡುತ್ತಿದ್ದಳು.

ಈಗ ಫೋನಿನ ವಿಷಯ. ಆಗಿನ ನಿಯಮದ ಪ್ರಕಾರ ಮನೆಯವರ ಜೊತೆ ಮಾತಾಡಲು ವರ್ಷಕ್ಕೆ ಎರಡೇ ಅವಕಾಶ, ಕ್ರಿಸ್ಮಸ್ ಮತ್ತು ಅಮ್ಮಂದಿರ ದಿನ. ಉಳಿದಂತೆ ವಾರಕ್ಕೊಂದು ಇಮೇಲ್. ಹಾಗಾಗಿ ಕ್ರಿಸ್ಮಸ್ ಅಂದರೆ ನಮಗೆಲ್ಲ ಆ ಕರೆಯೇ. ಚರ್ಚಿನ ಒಂದು ಕುಟುಂಬ ಬೆಳಿಗ್ಗೆ ನಮ್ಮನ್ನು ಮನೆಗೆ ಕರೆದು, ಲ್ಯಾಪ್‌ಟಾಪ್ ಕೊಟ್ಟು, ಒಂದು ಕೋಣೆ ಬಿಟ್ಟುಕೊಟ್ಟಿತು. ಯಾರು ಮೊದಲು? ಯೂಟಾದಲ್ಲಿ ಬೆಳಿಗ್ಗೆ ಎಂಟು ಅಂದರೆ ಉಲಾನ್‌ಬಾತರ್‌ನಲ್ಲಿ ರಾತ್ರಿ ಹನ್ನೊಂದು, ಬೆಂಗಳೂರಿನಲ್ಲಿ ಎಂಟೂವರೆ. ಅವಳ ಅಪ್ಪ ಅಮ್ಮ ಮಲಗುವ ಹೊತ್ತು ಅಂತ ಅವಳು ಮೊದಲು ಕೂತಳು.

ನನ್ನ ಸರದಿ ಬಂದಾಗ ಪರದೆ ಮೇಲೆ ಹದಿನಾರು ಜನ ಒಟ್ಟಿಗೆ ಕಾಣಿಸಿದರು. ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಕ್ಕಳು, ಪಕ್ಕದ ಮನೆ ಆಂಟಿ ಸಹ. ಎಲ್ಲರೂ ಒಂದೇ ಸಲ “ಕಾಣಿಸ್ತಿದೀಯಾ, ಕೇಳಿಸ್ತಿದೆಯಾ” ಅಂತ ಕೂಗುತ್ತಿದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ಆಮೇಲೆ ಚಿಕ್ಕಪ್ಪನ ಫೋನಿನಿಂದ ಕರೆ ಬಂತು, ಮೋಂಬತ್ತಿ ಬೆಳಕಿನಲ್ಲಿ ಅಜ್ಜಿ ಮುಖ ಒಂದೇ ಕಾಣುತ್ತಿತ್ತು. ಅಜ್ಜಿ ಚಳಿ ಬಗ್ಗೆ ಕೇಳಲಿಲ್ಲ, ಕೆಲಸದ ಬಗ್ಗೆ ಕೇಳಲಿಲ್ಲ. “ಆ ಹುಡುಗಿ ಎಲ್ಲಿ, ನಿನ್ನ ಜೊತೆ ಇರ್ತಾಳಲ್ಲ, ಅವಳನ್ನ ತೋರಿಸು” ಅಂದರು. ಅವಳು ಬಂದು ಕ್ಯಾಮೆರಾ ಮುಂದೆ ಬಗ್ಗಿ ಕೂತಳು. ಅಜ್ಜಿ ಅವಳಿಗೆ ಕನ್ನಡದಲ್ಲೇ ಹೇಳಿದರು: “ಚೆನ್ನಾಗಿ ತಿನ್ನಮ್ಮ. ಇವಳಿಗೆ ಬೇಗ ಸಿಟ್ಟು ಬರುತ್ತೆ, ಬೇಜಾರು ಮಾಡ್ಕೋಬೇಡ.” ಅವಳು ತಲೆ ಆಡಿಸಿ ನಕ್ಕಳು. ನಾನು ಅನುವಾದ ಮಾಡಲಿಲ್ಲ.

2019ರ ಫೆಬ್ರವರಿಯಲ್ಲಿ ಚರ್ಚು ಆ ನಿಯಮ ಬದಲಾಯಿಸಿತು. ಈಗ ಪಿ-ಡೇ ದಿನ, ವಾರಕ್ಕೊಮ್ಮೆ ಮನೆಗೆ ಕರೆ ಮಾಡಬಹುದು. ಹಿಂದೆ ಮಿಷನ್ ಮುಗಿಸಿದ ಕೆಲವರು ಇದರಿಂದ ಗಟ್ಟಿತನ ಹೋಯಿತು, ಮನಸ್ಸು ಕೆಲಸದಲ್ಲಿ ನಿಲ್ಲುವುದಿಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹದಿನೆಂಟು, ಹತ್ತೊಂಬತ್ತರ ಮಕ್ಕಳು. ಮನೆಯಲ್ಲಿ ಕಾಯಿಲೆ ಇರಬಹುದು, ಅಪ್ಪನ ಕೆಲಸ ಹೋಗಿರಬಹುದು, ಇಮೇಲ್‌ನಲ್ಲಿ ಎಲ್ಲರೂ “ನಾವು ಚೆನ್ನಾಗಿದ್ದೇವೆ” ಅಂತಲೇ ಬರೆಯುತ್ತಾರೆ. ದನಿ ಕೇಳಿದರೆ ಮಾತ್ರ ನಿಜ ಗೊತ್ತಾಗುವುದು. ಹಳೆಯ ನಿಯಮದಲ್ಲಿ ನಮ್ಮ ಕ್ರಿಸ್ಮಸ್ ಬೆಳಗಿಗೆ ಅಷ್ಟು ಬೆಲೆ ಬಂದಿತ್ತು ನಿಜ. ಆದರೂ ಈಗಿನ ಮಕ್ಕಳಿಗೆ ಪ್ರತಿ ವಾರ ಆ ದನಿ ಸಿಗುತ್ತದಲ್ಲ, ಅದೇ ಒಳ್ಳೆಯದು.

ಹಬ್ಬದ ಕಾಲ ಅಲ್ಲಿ ಆ ವರ್ಷ ಶೋಕದಲ್ಲಿ ಮುಗಿಯಿತು. 2018ರ ಜನವರಿ 2ರಂದು ಚರ್ಚಿನ ಅಧ್ಯಕ್ಷ ಥಾಮಸ್ ಮಾನ್ಸನ್ ತೀರಿಕೊಂಡರು. ದೀಪಗಳು ಆರಿ ಎರಡು ದಿನ ಆಗಿತ್ತಷ್ಟೇ. ಜನವರಿ 11ರಂದು ಕಾನ್ಫರೆನ್ಸ್ ಸೆಂಟರ್‌ನಲ್ಲಿ ಅಂತಿಮ ದರ್ಶನಕ್ಕೆ ಇಟ್ಟಾಗ ಜನ ಮತ್ತೆ ಸಾಲುಗಟ್ಟಿದರು. ಸಾಲಿನಲ್ಲಿ ನಿಂತವರೆಲ್ಲ ಹೇಳುತ್ತಿದ್ದುದು ಒಂದೇ ಬಗೆಯ ಕತೆ: ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ನೋಡಲು ಬಂದಿದ್ದರು, ನಮ್ಮ ಬೀದಿಯ ವಿಧವೆಯರ ಮನೆಗೆ ಕ್ರಿಸ್ಮಸ್ ಹೊತ್ತಿಗೆ ತಪ್ಪದೆ ಬರುತ್ತಿದ್ದರು. ಅವರು ಇಪ್ಪತ್ತೆರಡನೇ ವಯಸ್ಸಿಗೇ ಬಿಷಪ್ ಆಗಿದ್ದವರು. ನಮ್ಮ ಚರ್ಚಿನಲ್ಲಿ ಬಿಷಪ್ ಅಂದರೆ ಒಂದು ವಾರ್ಡನ್ನು, ಅಂದರೆ ಒಂದು ಸ್ಥಳೀಯ ಸಭೆಯನ್ನು, ನೋಡಿಕೊಳ್ಳುವವರು. ಅವರ ವಾರ್ಡಿನಲ್ಲಿ ವಿಧವೆಯರೇ ಎಂಬತ್ತಕ್ಕೂ ಮೇಲಿದ್ದರು. ಅವರೆಲ್ಲರ ಮನೆಗೂ ಹಬ್ಬದ ಸಮಯದಲ್ಲಿ ಹೋಗುವುದನ್ನು ಆಮೇಲೂ ಎಷ್ಟೋ ವರ್ಷ ನಡೆಸಿಕೊಂಡು ಬಂದರು. ಅವರ ಭಾಷಣ ನೆನಪಿಟ್ಟವರು ನನಗೆ ಆ ಸಾಲಿನಲ್ಲಿ ಸಿಗಲಿಲ್ಲ. ಮನೆಗೆ ಬಂದಿದ್ದನ್ನು ನೆನಪಿಟ್ಟವರೇ ಎಲ್ಲ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಬೆಂಗಳೂರಿನಲ್ಲೂ ನಮ್ಮ ಚರ್ಚಿನ ಮಿಷನ್ ಇದೆ, 1993ರಿಂದ. ಬಿಳಿ ಶರ್ಟ್, ಟೈ, ಕಪ್ಪು ಬ್ಯಾಡ್ಜ್ ಹಾಕಿಕೊಂಡ ಹುಡುಗರು, ಅದೇ ಬ್ಯಾಡ್ಜಿನ ಹುಡುಗಿಯರು ಜೋಡಿಯಾಗಿ ನಡೆದು ಹೋಗುವುದನ್ನು ಡಿಸೆಂಬರ್‌ನಲ್ಲಿ ನೋಡಬಹುದು. ಹಲವರು ಬೇರೆ ರಾಜ್ಯಗಳಿಂದ ಬಂದವರು, ಇಲ್ಲಿನ ಮಾತು ಸರಿಯಾಗಿ ಬರುವುದಿಲ್ಲ. ಅವರ ಧರ್ಮ ನಿಮಗೆ ಬೇಡದಿದ್ದರೆ ಬೇಡ, ನೇರವಾಗಿ ಹೇಳಿ, ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಪರಿಚಯ ಇದ್ದರೆ ಒಂದು ಹೊತ್ತು ಊಟಕ್ಕೆ ಕರೆಯಿರಿ. ಇಬ್ಬರನ್ನೂ ಕರೆಯಬೇಕು, ಒಬ್ಬರೇ ಬರುವಂತಿಲ್ಲ. ರಾತ್ರಿ ಬೇಗ ಕಳಿಸಿಕೊಡಬೇಕು. ಕಾಫಿ, ಟೀ ಕುಡಿಯುವುದಿಲ್ಲ, ಅದಕ್ಕೆ ಬಲವಂತ ಮಾಡಬೇಡಿ. ಬಾದಾಮಿ ಹಾಲು ಕೊಡಿ, ರಾಗಿ ಮಾಲ್ಟ್ ಕೊಡಿ. ಅವರ ಊರು ಯಾವುದು, ಅಲ್ಲಿ ಯಾವ ಹಬ್ಬ ದೊಡ್ಡದು, ಅವತ್ತು ಮನೆಯಲ್ಲಿ ಏನು ಮಾಡುತ್ತಾರೆ ಅಂತ ಕೇಳಿ.